ಬ್ಯಾಟರಿಯ ಮೇಲಿನ ದನಿ

ಕರೆಂಟ್ ಹೋದದ್ದು ಭುವನೇಶ್ವರಿಗೆ ಗೊತ್ತಾದದ್ದು ಫ್ಯಾನು ನಿಂತಾಗ ಅಲ್ಲ, ತನ್ನ ದನಿ ನಿಂತಾಗ. ತಮ್ಮನ ಕೂಸಿನ ತೊಟ್ಟಿಲ ಕಾರ್ಯಕ್ಕೆ ಬಂದು, ನಾಲತವಾಡದ ಆ ಮನೆಯ ಪಡಸಾಲೆಯಲ್ಲಿ, ಬಣ್ಣದ ಸೀರೆಗಳ ನಡುವೆ, ಗೋಡೆಯ ಪ್ಲಗ್ಗಿಗೆ ವಾಯರು ಹಚ್ಚಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅವಳು ಕೂತಿದ್ದಳು. ತಮ್ಮನ ಹೆಂಡತಿಯ ತಾಯಿ ಶಂಕ್ರೆವ್ವ, "ಬಸ್ಸಿನ್ಯಾಗ ಜಾಗಾ ಸಿಕ್ಕಿತ್ತೇನ್ರಿ ಅಕ್ಕೋರ?" ಎಂದು ಕೇಳಿದ್ದಳು. "ಸಿಕ್ಕಿತ್ರಿ, ಕಿಡಕಿ ಬಾಜೂಕ" ಎಂದು ಟೈಪು ಮಾಡಿ ಗುಂಡಿ ಒತ್ತಿದ್ದಳು. ಯಂತ್ರ "ಸಿಕ್ಕಿತ್ರಿ" ಎಂದಿತು. ಆಮೇಲೆ ಸುಮ್ಮನಾಯಿತು. "ಕಿ" ಎಂದಿತು. ಮತ್ತೆ ಸುಮ್ಮನಾಯಿತು. "ಡ... ಕಿ..." ಶಂಕ್ರೆವ್ವ ಮುಖ ಮುಂದೆ ಚಾಚಿ, ಬಾಯಿ ಅರ್ಧ ತೆರೆದು, ಬರಬೇಕಾದ ಮಾತನ್ನು ತನ್ನ ಬಾಯಲ್ಲಿ ಹಿಡಿಯುವವಳಂತೆ ಕಾದಳು. ಅಷ್ಟರಲ್ಲಿ ಒಳಗಿನಿಂದ ಯಾರೋ "ಕರೆಂಟ್ ಹ್ವಾತು ನೋಡ್ರಿ" ಎಂದರು. ಹೆಂಗಸರೆಲ್ಲ ಒಮ್ಮೆಲೇ ಸೆರಗಿನಿಂದ ಗಾಳಿ ಹಾಕಿಕೊಳ್ಳತೊಡಗಿದರು. ಭುವನೇಶ್ವರಿ ತಲೆ ಎತ್ತಿ ನೋಡಿದಾಗ ಫ್ಯಾನಿನ ರೆಕ್ಕೆಗಳು ಒಂದೊಂದಾಗಿ ಎಣಿಸುವಷ್ಟು ನಿಧಾನವಾಗಿದ್ದವು. ಯಂತ್ರ ಅವಳ ತೊಡೆಯ ಮೇಲೆ, ಅವಳದೇ ದನಿಯಲ್ಲಿ, ಯಾರೂ ಕೇಳದ ಹೊತ್ತಿನಲ್ಲಿ, "ಬಾ... ಜೂ... ಕ" ಎಂದು ಮುಗಿಸಿತು.

ಅವಳದೇ ದನಿ. ಅದೇ ಕಷ್ಟ. ಬೇರೆ ಯಾರದೋ ದನಿಯಾಗಿದ್ದರೆ ಇಷ್ಟು ಅಂಜಿಕೆಯಾಗುತ್ತಿರಲಿಲ್ಲ. ಫೋನಿನಲ್ಲೂ ಓದಿ ಹೇಳುವ ಹುಡುಗಿಯೊಬ್ಬಳಿದ್ದಾಳೆ, ಬಸ್ ಸ್ಟ್ಯಾಂಡಿನಲ್ಲಿ ಗಾಡಿ ಬಂತೆಂದು ಕೂಗುವವಳಂಥ ದನಿ. ಕಾಯಿಪಲ್ಲೆ ಕೊಳ್ಳುವುದಕ್ಕೆ ಅದು ಸಾಕು. ಇದು ಹಾಗಲ್ಲ. ಗಂಟಲಿನ ಗಡ್ಡೆಗೆ ಆಪರೇಷನ್ ಆಗಬೇಕು, ಧ್ವನಿಪೆಟ್ಟಿಗೆ ಪೂರ್ತಿ ತೆಗೆಯಬೇಕು ಎಂದು ಡಾಕ್ಟರು ಹೇಳಿದ ಮೇಲೆ, ಅವಳ ಹಳೆಯ ವಿದ್ಯಾರ್ಥಿ ಸಂಜೀವಕುಮಾರ, ಈಗ ವಿಜಯಪುರದಲ್ಲಿ ಪಾಲಿಟೆಕ್ನಿಕ್ ಮಾಸ್ತರ, ಸಿಂದಗಿಯ ಅವಳ ಮನೆಗೆ ಮೈಕು ತಂದು, ಕಿಟಕಿಗಳಿಗೆ ಚಾದರ ಕಟ್ಟಿ, ಅವಳಿಂದ ಮೂರನೆಯ ಇಯತ್ತೆಯ ಪಾಠಗಳನ್ನೆಲ್ಲ ಓದಿಸಿಕೊಂಡ. ನೋವಿಗೆ ಅವಳು ನಡುನಡುವೆ ನಿಲ್ಲಿಸಿದಾಗ ಅವನು ತನಗೇ ನೀರಡಿಕೆಯಾಯಿತೆಂದು ಎದ್ದು ಹೋಗಿ, ನೀರು ಕುಡಿಯದೆ ಅಡಿಗೆಮನೆಯಲ್ಲಿ ನಿಂತು ಬರುತ್ತಿದ್ದ. ಆ ಓದಿನಿಂದಲೇ ಈ ದನಿ ಮಾಡಿಕೊಟ್ಟ. "ಒಂದು ಮಾತು ನೆನಪಿಟ್ಕೋರಿ ಅಕ್ಕೋರ. ನಿಮ್ಮ ದನಿ ತಯಾರ ಮಾಡಾಕ ಇದಕ್ಕ ಬಾಳ ತ್ರಾಸ ಐತಿ. ವಾಯರ್ ಹಚ್ಚಿದ್ರ ಕುದುರಿ ಓಡಿದಂಗ ಓಡತೈತಿ. ಬ್ಯಾಟರಿ ಮ್ಯಾಲ ಬಿಟ್ರ ಪ್ರೊಸೆಸರ್ ತಾನ ಓಟ ಕಡಿಮಿ ಮಾಡ್ಕೊಂತೈತಿ. ಕೆಟ್ಟಿಲ್ಲ ಅದು, ಚಾರ್ಜ್ ಉಳಿಸಾಕ ಹಂಗ ಮಾಡತೈತಿ. ಅಂಜಬ್ಯಾಡ್ರಿ." ಅಂಜಬ್ಯಾಡ್ರಿ ಎಂದು ಹೇಳುವವರು ಯಾವಾಗಲೂ ಎದ್ದು ಹೋಗುವ ಅವಸರದಲ್ಲಿರುತ್ತಾರೆ ಎಂದು ಆಗ ಅನಿಸಿತ್ತು. ಅವನು ಮಾತ್ರ ಹೋಗಲಿಲ್ಲ. ಅವಳು ಒಂದು ಇಡೀ ವಾಕ್ಯ ಆಡಿಸಿ ನಗುವವರೆಗೆ ಕೂತಿದ್ದ.

ಆದರೆ ಬ್ಯಾಟರಿಯ ಮೇಲೆ ಎಳೆದೆಳೆದು ಬರುವ ತನ್ನ ದನಿಯಲ್ಲಿ ಅವಳಿಗೆ ಕೇಳುವುದು ಅವ್ವ ದುರ್ಗವ್ವನ ದನಿ. ಲಕ್ವಾ ಹೊಡೆದ ಮೇಲೆ ಅವ್ವ ಹೀಗೇ ಮಾತಾಡುತ್ತಿದ್ದಳು. "ಭು... ವ... ನಾ..." ಎಂದು ಬಾವಿಯಿಂದ ಕೊಡ ಎಳೆದಂತೆ. ಸಾಲಿಗೆ ಹೊತ್ತಾಗುತ್ತಿತ್ತು, ಬಸ್ಸು ಬರುತ್ತಿತ್ತು, ಭುವನೇಶ್ವರಿ ಅವ್ವನ ವಾಕ್ಯಗಳನ್ನು ತಾನೇ ಮುಗಿಸಿಬಿಡುತ್ತಿದ್ದಳು. "ನೀರೇನು? ಹೊಚ್ಚಿಗೊಳ್ಳಾಕ ಬೇಕೇನು? ಗೊತ್ತಾತು ತಗೋ." ಅವ್ವ ಸುಮ್ಮನಾಗುತ್ತಿದ್ದಳು. ನೀರು ಬೇಕಾಗಿತ್ತೋ ಇಲ್ಲವೋ, ಕೊಟ್ಟ ನೀರು ಕುಡಿಯುತ್ತಿದ್ದಳು. ಅವ್ವ ಹೇಳಬೇಕೆಂದಿದ್ದ ಮಾತುಗಳೆಲ್ಲ ಎಲ್ಲಿ ಹೋದವು? ಈ ಪಡಸಾಲೆಯ ಹೆಂಗಸರು ಈಗ ತನ್ನತ್ತ ನೋಡುವ ನೋಟ ಆಗ ತನ್ನ ಕಣ್ಣಲ್ಲೂ ಇತ್ತೇ?

"ಅಕ್ಕೋರ, ಚಹಾ ತರ್ಲಿ?" ಶಂಕ್ರೆವ್ವ ಎದ್ದು ನಿಂತು ಕೇಳಿದಳು. ಚಹಾ ನುಂಗುವುದು ಇನ್ನೂ ಸರಿಯಾಗಿ ಕೂಡಿಬರುತ್ತಿರಲಿಲ್ಲ, ನಾಲ್ಕು ಜನರ ಎದುರು ಕುಡಿಯಲು ನಾಚಿಕೆ. ಕೈಯಾಡಿಸಿ ಬೇಡವೆಂದಿದ್ದರೆ ಆಗುತ್ತಿತ್ತು. ಆದರೆ ದೊಡ್ಡವರಿಗೆ ಕೈಯಾಡಿಸಿ ಉತ್ತರ ಕೊಡುವುದು ಅವಳಿಗೆ ಬಂದದ್ದಲ್ಲ. "ಬ್ಯಾಡ್ರಿ, ಈಗ ಬ್ಯಾಡ" ಎಂದು ಟೈಪು ಮಾಡಿ ಒತ್ತಿದಳು. ಯಂತ್ರ ಯೋಚನೆಗೆ ಬಿದ್ದಿತು. ಪರದೆಯ ಮೇಲೆ ಚಿಕ್ಕದೊಂದು ಉಂಗುರ ತಿರುಗಿತು, ತಿರುಗಿತು. ಶಂಕ್ರೆವ್ವ ಒಳಗೆ ಹೋದಳು. ಅಷ್ಟರಲ್ಲಿ ಅವಳ ತಂಗಿ ನೀಲವ್ವ, ದೊಡ್ಡ ಮೂಗುತಿಯ, ದೊಡ್ಡ ನಗುವಿನ ಹೆಂಗಸು, ಬಾಣಂತಿ ಕೋಣೆಯಿಂದ ಕೂಸನ್ನು ತಂದು ಭುವನೇಶ್ವರಿಯ ಮುಂದೆ ಹಿಡಿದಳು. "ತಗೋರಿ ಅಕ್ಕೋರ, ನಿಮ್ಮ ಸೊಸಿ. ಎಷ್ಟ ವರ್ಷ ದಾರಿ ಕಾಯಿಸಿ ಬಂದಾಳ, ಎತ್ಕೋರಿ." ಭುವನೇಶ್ವರಿ ಲ್ಯಾಪ್‌ಟಾಪ್ ಬದಿಗಿಟ್ಟು ಎರಡೂ ಕೈ ಚಾಚಿದಳು. ಚಾಚಿದ ಕೈಗಳ ಕೆಳಗಿನಿಂದ ಅವಳ ದನಿ ಸ್ಪಷ್ಟವಾಗಿ, ಒಂದೊಂದೇ ಅಕ್ಷರವಾಗಿ ಹೇಳಿತು: "ಬ್ಯಾ... ಡ್ರಿ. ಈಗ... ಬ್ಯಾ... ಡ."

ಯಾರೋ ಕಿಸಕ್ಕೆಂದರು. ನೀಲವ್ವ ಕೂಸನ್ನು ಎದೆಗೊತ್ತಿಕೊಂಡು ಹಿಂದೆ ಸರಿದಳು. "ಅಯ್ಯ, ನಿಮ್ಮತ್ತೀನ ಬ್ಯಾಡಂತಾಳಲ್ಲಬೇ ಕೂಸಾ! ಬಾ, ನಮಗ ಬೇಕಾಗಿದ್ದೀ ಬಾ." ನಗುತ್ತಲೇ ಹೇಳಿದಳು. ನಗುತ್ತಲೇ ಎಲ್ಲರೂ ಕೇಳಿದರು. ಅಲ್ಲ, ಚಹಾಕ್ಕೆ ಹೇಳಿದ್ದು, ಚಹಾಕ್ಕೆ! ಭುವನೇಶ್ವರಿ ತಲೆಯಾಡಿಸಿದಳು, ಲೋಟದಂತೆ ಕೈಮಾಡಿ ತೋರಿಸಿದಳು. ಅದನ್ನು ನೋಡಿದ ಇನ್ನೊಬ್ಬಳು "ನೀರ ಬೇಕಂತ, ನೀರ ಕೊಡ್ರಿ" ಎಂದಳು. ನೀರು ಬಂತು. ಅವಳು ಅವ್ವನಂತೆ ಕೊಟ್ಟ ನೀರು ಹಿಡಿದುಕೊಂಡು ಕೂತಳು.

ಪಕ್ಕದ ಮನೆಯ ಖಾತುನಬಿ, ಬಳೆ ಇಡಿಸಲು ಬಂದವಳು, ಮೂಲೆಯಿಂದ ಎದ್ದು ಬಂದು ಹತ್ತಿರ ಕೂತಳು. ತನ್ನ ಬೀಸಣಿಗೆಯಿಂದ ಲ್ಯಾಪ್‌ಟಾಪಿಗೆ ಗಾಳಿ ಹಾಕತೊಡಗಿದಳು. "ಪಾಪ, ಶಕಿಗೆ ಸುಸ್ತಾಗೇತಿ ಅದು. ನಮ್ಮ ಮಾಲಕರ ಟಂಟಂ ಗಾಡಿನೂ ಹಿಂಗ ನೋಡ್ರಿ, ಬಿಸಿ ಆತಂದ್ರ ಏರಿ ಹತ್ತೂದಿಲ್ಲ. ಬೈದ್ರ ಮತ್ತಷ್ಟು ಸಿಟ್ಟ ಮಾಡತೈತಿ." ಅದಕ್ಕೆ ಶಕೆಯಲ್ಲ ಎಂದು ಹೇಳಬೇಕೆಂದರೆ ಮತ್ತೆ ಅದೇ ಯಂತ್ರ ಬೇಕು. ಭುವನೇಶ್ವರಿ ಅವಳ ಮೊಣಕೈ ಮೇಲೆ ಕೈಯಿಟ್ಟಳು. ಖಾತುನಬಿ ಅದನ್ನೇ ಉತ್ತರವೆಂದು ತಿಳಿದು, ಬೀಸುತ್ತ, ನಡುನಡುವೆ ಒಂದೆರಡು ಬೀಸು ಅವಳ ಮುಖದ ಕಡೆಗೂ ತಿರುಗಿಸಿದಳು.

ಬಾಗಿಲಲ್ಲಿ ತಮ್ಮ ಅನಿಲಕುಮಾರ ಕಾಣಿಸಿದ. ಇಂಡಿಯಲ್ಲಿ ಮೋಟರ್ ರಿಪೇರಿಯ ಅಂಗಡಿ ಇಟ್ಟವನು, ಎಲ್ಲಿ ಕರೆಂಟು ಹೋದರೂ ತನ್ನದೇ ತಪ್ಪೆಂಬಂತೆ ಮುಖ ಮಾಡುತ್ತಾನೆ. "ಅಕ್ಕಾ, ಫೋನ್ ಹಚ್ಚಿದ್ದೆ. ಲೈನಿನ ಕೆಲಸ ನಡದೈತಂತ. ಇವರ ಇನ್ವರ್ಟರಿನ ಬ್ಯಾಟರಿ ಸತ್ತೈತಿ. ಬರತೈತಿ ತಗೋ, ನೀ ಗಾಬ್ರಿ ಆಗಬ್ಯಾಡ." ಅವನ ಕಣ್ಣು ಲ್ಯಾಪ್‌ಟಾಪಿನ ಮೂಲೆಯ ಕೆಂಪು ಗುರುತಿನ ಮೇಲಿತ್ತು. ಹೋದ ವಾರ ಫೋನಿನಲ್ಲಿ ಅವನೇ ಹೇಳಿದ್ದ: "ಕೂಸಿನ ಹೆಸರು ನೀನ ಆರಿಸಬೇಕು, ನಿನ್ನ ಬಾಯಿಂದನ ಬರಬೇಕು." ಬಾಯಿಂದ ಎಂಬ ಮಾತು ಬಾಯಿಂದ ಬಂದ ಮೇಲೆ ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ಇವಳು, ಇಬ್ಬರೂ ಫೋನು ಹಿಡಿದೇ ಕೂತಿದ್ದರು, ಇಡಲಿಲ್ಲ. ತೊಟ್ಟಿಲಲ್ಲಿ ಹಾಕುವ ದಿನ ಅಪ್ಪನ ಅಕ್ಕನೋ ತಂಗಿಯೋ ಬಗ್ಗಿ, ಕೂಸಿನ ಕಿವಿಯಲ್ಲಿ ಕುರ್‍ರ್ ಎಂದು ಹೆಸರು ಹೇಳಬೇಕು. ಅಲ್ಲಿಯವರೆಗೆ ಆ ಹೆಸರು ಹೆತ್ತವ್ವನಿಗೂ ಗೊತ್ತಿರಕೂಡದು. ಹೇಳಿದ ಕ್ಷಣ ಸುತ್ತಲಿನ ಹೆಂಗಸರೆಲ್ಲ ಅತ್ತೆಯ ಬೆನ್ನಿಗೆ ಗುದ್ದು ಹಾಕುತ್ತಾರೆ. ಗುದ್ದು ಬಿದ್ದರೆ ಹೆಸರು ನಿಂತಂತೆ. ಆಮೇಲೆ ಅತ್ತೆ ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಬೇಕು. ಅದೊಂದೇ ಅವಳ ಪಾಲಿನ ಕೆಲಸ. ಅದಕ್ಕಾಗಿಯೇ ಸಿಂದಗಿಯಿಂದ ಬಸವನ ಬಾಗೇವಾಡಿ, ಅಲ್ಲಿಂದ ಮುದ್ದೇಬಿಹಾಳ, ಅಲ್ಲಿಂದ ಇಲ್ಲಿಗೆ, ಮೂರು ಬಸ್ಸು ಹತ್ತಿ ಇಳಿದು, ಎದೆಗವಚಿಕೊಂಡು ತಂದದ್ದು ಈ ದನಿಯನ್ನು.

ಮುಖ ತೊಳೆದು ಬರುವವಳಂತೆ ಎದ್ದು, ಅವಳು ಲ್ಯಾಪ್‌ಟಾಪಿನೊಂದಿಗೆ ಜೋಳದ ಚೀಲಗಳಿದ್ದ ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದಳು. ಕತ್ತಿನ ಕೆಳಗಿನ ತೂತಿನ ಮೇಲೆ ಕಟ್ಟಿದ ಬಿಳಿ ಬಟ್ಟೆ ಉಸಿರಿಗೆ ಒಳಹೋಗುತ್ತಿತ್ತು, ಹೊರಬರುತ್ತಿತ್ತು. ಜೋಳದ ಧೂಳಿಗೆ ಕೆಮ್ಮು ಬಂತು. ಕೆಮ್ಮು ಬಾಯಿಂದ ಬಾರದೆ ಕತ್ತಿನಿಂದ ಬಂತು. ಇದಕ್ಕೆ ಅವಳಿನ್ನೂ ಒಗ್ಗಿರಲಿಲ್ಲ. ಪ್ರತಿಸಲವೂ ಬೇರೆ ಯಾರೋ ಹತ್ತಿರ ಕೂತು ಕೆಮ್ಮಿದಂತಾಗುತ್ತಿತ್ತು. ಪರದೆಯ ಕೆಳಗೆ ಹಸಿರು ಎಲೆಯ ಚಿತ್ರ ಕಂಡಾಗ ಅವಳಿಗೆ ನೆನಪಾಯಿತು. ಬಾಗೇವಾಡಿಯಲ್ಲಿ ಬಸ್ಸಿಗೆ ಕಾಯುವಾಗ ಅವಳೇ ಅದನ್ನು ಒತ್ತಿದ್ದಳು. ಉಳಿತಾಯ. ಜನ್ಮವಿಡೀ ಖಾಲಿ ಕೋಣೆಯ ಲೈಟು ಆರಿಸಿದ ಕೈ, ಸೀಮೆಸುಣ್ಣದ ತುಂಡನ್ನೂ ಡಬ್ಬಿಗೆ ಹಾಕಿಟ್ಟ ಕೈ. ಮಧ್ಯಾಹ್ನಕ್ಕೆ ಇರಲಿ ಎಂದು ಉಳಿಸಿದಳು. ಮೊದಲೇ ಬ್ಯಾಟರಿಯ ಮೇಲೆ ನಿಧಾನವಾಗುವ ಪ್ರಾಣಿಗೆ ತಾನೇ ಮತ್ತೊಂದು ಲಗಾಮು ಹಾಕಿದ್ದಳು. ಈಗ ಅದನ್ನು ತೆಗೆಯಬೇಕೆಂದರೆ ಒತ್ತಿದ್ದು ಹತ್ತುತ್ತಿಲ್ಲ. ಬ್ಯಾಟರಿ ತೀರ ತಳಕ್ಕೆ ಬಂದಿತ್ತು; ಎಲೆ ಹೋಗಲೊಲ್ಲದು. ಒತ್ತಿದಳು, ಮತ್ತೆ ಒತ್ತಿದಳು, ಉಂಗುರ ತಿರುಗಿತು. ದನಿ ಇದೆಯೋ ಇಲ್ಲವೋ ನೋಡಬೇಕು, ಏನಾದರೊಂದು ಆಡಿಸಿ ನೋಡಬೇಕು ಎಂದು, ಯೋಚಿಸದೆ, ಬೆರಳಿಗೆ ಬಂದದ್ದನ್ನು ಬರೆದಳು: ನನಗ ಅಂಜಿಕಿ ಆಗಾಕತ್ತೇತಿ. ನಾನು ಇನ್ನೂ ಇಲ್ಲೇ ಅದೇನಿ, ನನ್ನ ಬಿಟ್ಟು ಮುಂದ ಹೋಗಬ್ಯಾಡ್ರಿ. ಒತ್ತಿದಳು. ಏನೂ ಇಲ್ಲ. ಕಿವಿಯನ್ನು ಯಂತ್ರಕ್ಕೆ ಹಚ್ಚಿದಳು. ಒಳಗೆ ಚಿಕ್ಕ ಫ್ಯಾನಿನ ಗಾಳಿಯೂ ಇರಲಿಲ್ಲ. ಅವಳೊಳಗೆ ಇದ್ದಕ್ಕಿದ್ದಂತೆ ಒಂದು ಮಾತು ನಿಚ್ಚಳವಾಯಿತು, ತಣ್ಣಗೆ, ಬೇರೆಯವರ ಸುದ್ದಿಯಂತೆ: ನನ್ನ ಎರಡನೆಯ ದನಿಯೂ ಹೋಗಬಹುದು. ಆಗ ಮೂರನೆಯದು ಇಲ್ಲ.

ಆಸ್ಪತ್ರೆಯಲ್ಲಿ ಎಚ್ಚರವಾದ ಬೆಳಗಿನಲ್ಲೂ ಇಂಥದೇ ತಣ್ಣಗಿನ ಸ್ಪಷ್ಟತೆ ಇತ್ತು. ಆಗ ಒಬ್ಬ ನರ್ಸು ಪಾಟಿ ಬಳಪ ತಂದುಕೊಟ್ಟಿದ್ದಳು. ಭುವನೇಶ್ವರಿಗೆ ಒಂದು ಅಕ್ಷರಕ್ಕೆ ಒಂದು ಯುಗ ಹಿಡಿಯುತ್ತಿತ್ತು. ಡಾಕ್ಟರು "ನೋವೇ? ನೀರೇ?" ಎಂದು ತಾವೇ ಮುಗಿಸಿ ಮುಂದಿನ ಮಂಚಕ್ಕೆ ನಡೆದರು. ಆ ನರ್ಸು ಮಾತ್ರ ಪಾಟಿಯನ್ನು ತನ್ನ ಸೊಂಟಕ್ಕೆ ಆನಿಸಿ ಹಿಡಿದು, ಕೊನೆಯ ಅಕ್ಷರದವರೆಗೂ ನಿಂತಳು. ಬರೆದದ್ದು ದೊಡ್ಡದೇನಲ್ಲ, ಕಿಟಕಿಯ ಪರದೆ ಸರಿಸಿರಿ ಎಂದು. ಅವಳು ಅದನ್ನು ಪೂರ್ತಿ ಓದಿ, ಆಮೇಲೆ ಹೋಗಿ ಸರಿಸಿದಳು. ಅಂಗಿಯ ಮೇಲಿನ ಚೀಟಿಯಲ್ಲಿ ಯಶೋಧಾ ಎಂದಿತ್ತು. ಕೂಸಿಗೆ ಅದೇ ಹೆಸರು ಎಂದು ಭುವನೇಶ್ವರಿ ಗೊತ್ತುಮಾಡಿಕೊಂಡದ್ದು ಕೂಸು ಹುಟ್ಟುವ ಮೊದಲೇ. ಇದು ಯಾರಿಗೂ ಗೊತ್ತಿಲ್ಲ. ಅನಿಲ ಅವ್ವನ ಹೆಸರು ಬರಬಹುದೆಂದು ಕಾಯುತ್ತಿದ್ದಾನೆ, ಅದೂ ಅವಳಿಗೆ ಗೊತ್ತು.

"ಅಕ್ಕೋರ! ಬರ್ರಿ, ತೊಟ್ಟಿಲ ಪೂಜಿ ಆತು!"

ತೊಟ್ಟಿಲ ಸುತ್ತ ಹೆಂಗಸರು ಒತ್ತಿ ನಿಂತಿದ್ದರು. ಗುಗ್ಗರಿಯ, ಮಲ್ಲಿಗೆಯ, ಬೆವರಿನ ವಾಸನೆ. ಕೂಸನ್ನು ತೊಟ್ಟಿಲ ಮೇಲಿನಿಂದ ಒಬ್ಬರು ಕೊಟ್ಟು, ಕೆಳಗಿನಿಂದ ಒಬ್ಬರು ತೆಗೆದುಕೊಂಡು, ಕಡೆಗೆ ಮಲಗಿಸಿದರು. ತಮ್ಮನ ಹೆಂಡತಿ, ಬಾಣಂತಿ ಕೋಮಲ, ತಲೆಗೆ ಬಟ್ಟೆ ಕಟ್ಟಿಕೊಂಡು ಗೋಡೆಗೆ ಒರಗಿ ಕೂತಿದ್ದಳು, ಮುಖ ಬಿಳಿಚಿತ್ತು. ಅನಿಲ ಗೋಡೆಯ ಪ್ಲಗ್ಗಿನಿಂದ ವಾಯರು ಎಳೆದು ಸ್ಟೂಲಿನ ಮೇಲಿಟ್ಟ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಸತ್ತ ಪ್ಲಗ್ಗಿನ ಗುಂಡಿಯನ್ನು ಒತ್ತಿಟ್ಟು, ಗಂಡಸರ ಕಡೆ ಹೊರಗೆ ಹೋದ. ಭುವನೇಶ್ವರಿ ಕುರ್‍ರ್ ಸೇರಿಸಿ ಹೆಸರು ಬರೆದಳು. ಯಾರಿಗೂ ಕಾಣದಂತೆ ಸೆರಗು ಮರೆಮಾಡಿದಳು. ಒತ್ತಿದಳು.

ಉಂಗುರ.

"ಹೂಂ, ಹೇಳ್ರಿ" ಎಂದರು ಯಾರೋ. ಕೈಗಳು ಗುದ್ದಲು ಸಿದ್ಧವಾಗಿ ಮೇಲೆದ್ದಿದ್ದವು, ಬಳೆಗಳು ಸದ್ದು ನಿಲ್ಲಿಸಿ ಕಾದವು. ಉಂಗುರ ತಿರುಗುತ್ತಲೇ ಇತ್ತು. ಎತ್ತಿದ ಕೈಗಳು ಒಂದೊಂದಾಗಿ ಇಳಿದವು. ಒಬ್ಬಳು ತುರುಬು ಸರಿಮಾಡಿಕೊಂಡಳು. ಒಬ್ಬಳು ಪಕ್ಕದವಳ ಸೀರೆಯ ಅಂಚು ಮುಟ್ಟಿ ಎಲ್ಲಿ ತಗೊಂಡಿರಿ ಎಂದು ಕೇಳಿದಳು. ಕೋಣೆ ತನ್ನನ್ನು ಬಿಟ್ಟು ಮುಂದೆ ಹೋಗುತ್ತಿರುವುದು ಭುವನೇಶ್ವರಿಗೆ ಮೈಗೆ ತಾಗುವಷ್ಟು ತಿಳಿಯಿತು. ಬಸ್ಸು ಹೊರಟಿದೆ, ಬಾಗಿಲ ಕಂಬಿಗೆ ಕೈ ಎಟುಕುತ್ತಿಲ್ಲ, ಕೂಗಲು ದನಿ ಇಲ್ಲ.

"ಹೊತ್ತು ಮೀರತೈತಿ ಅಕ್ಕಾ" ನೀಲವ್ವ ಶಂಕ್ರೆವ್ವನಿಗೆ ಹೇಳಿದಳು, ದನಿ ಇಳಿಸಿ, ಆದರೆ ಎಲ್ಲರಿಗೂ ಕೇಳುವಷ್ಟು ಇಳಿಸಿ. "ಮಿಶಿನ್ನಿಗೆ ಯಾವಾಗ ಮನಸ್ಸು ಬರತೈತೋ. ಬಾಯಿದ್ದವರು ಯಾರರೆ ಒಬ್ಬರು ಹೇಳಿದ್ರಾತು. ಕೂಸಿನ ಕಿವಿಗೆ ಮೊದಲನೇ ಮಾತು ಡಬ್ಬಿಯಿಂದ ಬರೂದು ನನಗೇನು ಚಲೋ ಕಾಣವಲ್ದು."

"ಅಕಿ ಕೂಸಿನ ಅತ್ತಿ ಅದಾಳ" ಎಂದಳು ಶಂಕ್ರೆವ್ವ. "ಇರಾಕಿ ಅಕಿ ಒಬ್ಬಾಕಿನ. ನಿನಗ ಅವಸರಿದ್ರ ಹೋಗಿ ಅನ್ನಕ್ಕ ನೀರಿಡು."

ಎದೆಯ ಬಡಿತ ಕತ್ತಿನ ಬಟ್ಟೆಯಲ್ಲಿ ಕಾಣುತ್ತಿತ್ತೇನೋ, ಖಾತುನಬಿ ಹಿಂದಿನಿಂದ ಬಂದು ಅವಳ ಸೆರಗನ್ನು ಮೆಲ್ಲಗೆ ಎಳೆದು ಅದನ್ನು ಮುಚ್ಚಿದಳು. ಭುವನೇಶ್ವರಿ ತೊಟ್ಟಿಲ ಅಂಚು ಹಿಡಿದು ಬಗ್ಗಿದಳು. ಬೀಳದಿರಲೆಂದು ಬಗ್ಗಿದಳೋ, ಹೇಳಲೆಂದು ಬಗ್ಗಿದಳೋ ಅವಳಿಗೇ ತಿಳಿಯದು. ಕೂಸು ಎಚ್ಚರವಿತ್ತು. ಕಿವಿ ಹುಣಸೆಯ ಎಳೆ ಚಿಗುರಿನಷ್ಟು ಕೆಂಪಗೆ, ತೆಳ್ಳಗೆ. ಅದರ ಹತ್ತಿರ ಬಾಯಿ ಒಯ್ದಳು. ಬಾಯಲ್ಲಿ ಉಸಿರಿಲ್ಲ, ಗಲ್ಲದಲ್ಲಿ ನಿಂತ ಇಷ್ಟೇ ಗಾಳಿ. ಅದನ್ನೇ ನಾಲಿಗೆಯ ತುದಿಗೆ ತಂದು ಕ ಎಂದಳು. ತುಟಿ ಅದುರಿಸಿದಳು. ಒಣ ಎಲೆಯ ಮೇಲೆ ಇರುವೆ ನಡೆದಷ್ಟು ಸದ್ದು. ಆಮೇಲೆ ಯ, ಶೋ, ಧಾ, ಬಾಯಿಯ ಆಕಾರಗಳು ಮಾತ್ರ, ಒಂದೊಂದನ್ನೂ ಪೂರ್ತಿ ಮಾಡಿದಳು, ಯಾವುದನ್ನೂ ನುಂಗಲಿಲ್ಲ. ಅವಳ ನಿಜವಾದ ಉಸಿರು ಕತ್ತಿನಿಂದ ಬಂದು ಕೂಸಿನ ಗಲ್ಲದ ಮೇಲೆ ಬೆಚ್ಚಗೆ ಬೀಳುತ್ತಿತ್ತು. ಕೂಸು ಕಣ್ಣು ಅರಳಿಸಿ ಅತ್ತ ತಿರುಗಿತು.

ಅವಳು ಹಾಗೇ ಬಗ್ಗಿ ನಿಂತಳು, ಬೆನ್ನು ಕೊಟ್ಟು. ಗುದ್ದು ಬೀಳಲಿಲ್ಲ.

"ಹೇಳಿದ್ರ್ಯಾ?"

"ಯಾರಿಗೆ ಗೊತ್ತ."

"ಹೇಳಿದ್ರೂ ಹೆಂಗ ಹೊಡಿಯೂದಬೇ, ಕುತಗಿಗೆ ಆಪರೇಷನ್ ಆದ ಜೀವ. ಹೆಚ್ಚು ಕಡಿಮಿ ಆದ್ರ?"

ಆ ಮಾತಿನಲ್ಲಿ ಕೇಡಿರಲಿಲ್ಲ. ಅದೇ ಅವಳನ್ನು ಹೆಚ್ಚು ಅಂಜಿಸಿತು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಇನ್ನು ಮುಂದೆ ತನ್ನನ್ನು ಯಾರೂ ಹೊಡೆಯುವುದಿಲ್ಲ, ಚೇಷ್ಟೆ ಮಾಡುವುದಿಲ್ಲ, ಜಗಳ ಆಡುವುದಿಲ್ಲ. ಗಾಜಿನ ಸಾಮಾನಿನಂತೆ ಎತ್ತಿ ಕಪಾಟಿನಲ್ಲಿಡುತ್ತಾರೆ, ಹಬ್ಬಕ್ಕೊಮ್ಮೆ ಒರೆಸುತ್ತಾರೆ. ಬೆನ್ನು ಬಗ್ಗಿಸಿಯೇ ನಿಂತಳು. ಎದ್ದರೆ ಮುಗಿಯಿತು; ಎದ್ದರೆ ಹೆಸರು ಬಿದ್ದುಹೋಗುತ್ತದೆ. ಸೊಂಟ ನೋಯತೊಡಗಿತು.

ತಲೆಯ ಮೇಲೆ ಫ್ಯಾನು ನರಳಿ ತಿರುಗಿತು. "ಬಂತು, ಬಂತು!" ಎಂದಿತು ಪಡಸಾಲೆ. ಸ್ಟೂಲಿನ ಮೇಲೆ ಲ್ಯಾಪ್‌ಟಾಪಿನ ಪರದೆ ಒಮ್ಮೆ ಬೆಳಗಿತು, ಹಸಿರು ಎಲೆ ಉದುರಿತು, ಉಂಗುರ ನಿಂತಿತು. ಅವಳ ದನಿ, ಸಾಲಿಯ ಕಡೆಯ ಬೆಂಚಿನವರೆಗೂ ಮುಟ್ಟುತ್ತಿದ್ದ ದನಿ, ಯಾವ ಮುನ್ಸೂಚನೆಯೂ ಇಲ್ಲದೆ, ಒಂದಕ್ಷರವೂ ತೊದಲದೆ ಮಾತಾಡಿತು:

"ನನಗ ಅಂಜಿಕಿ ಆಗಾಕತ್ತೇತಿ. ನಾನು ಇನ್ನೂ ಇಲ್ಲೇ ಅದೇನಿ, ನನ್ನ ಬಿಟ್ಟು ಮುಂದ ಹೋಗಬ್ಯಾಡ್ರಿ."

ಭುವನೇಶ್ವರಿಗೆ ಬಚ್ಚಲಲ್ಲಿದ್ದಾಗ ಬಾಗಿಲು ತೆರೆದುಕೊಂಡಂತಾಯಿತು. ಮುಚ್ಚಬೇಕು, ಯಂತ್ರದ ಬಾಯಿ ಮುಚ್ಚಬೇಕು ಎಂದು ಕೈ ಚಾಚುವ ಮೊದಲೇ ಅದು ಸಾಲಿನಲ್ಲಿ ನಿಂತಿದ್ದ ಮುಂದಿನ ಮಾತನ್ನೂ ಹೇಳಿಬಿಟ್ಟಿತು: "ಕುರ್‍ರ್. ಯಶೋಧಾ."

ಗಂಡಸರ ಕಡೆಯಿಂದ ಅನಿಲ ಬಾಗಿಲಿಗೆ ಬಂದು ನಿಂತಿದ್ದ. ಅವ್ವನ ಹೆಸರು ಬರಲಿಲ್ಲವೆಂಬುದು ಅವನಿಗೆ ಕೇಳಿಸಿತೋ ಇಲ್ಲವೋ, ಅವನು ಹೆಗಲ ಮೇಲಿನ ವಸ್ತ್ರದಿಂದ ಮುಖವನ್ನೆಲ್ಲ ಒರೆಸಿಕೊಳ್ಳುತ್ತಿದ್ದ. ನೀಲವ್ವ ಮೂಗುತಿ ಮುಟ್ಟಿಕೊಂಡು ನೆಲ ನೋಡಿದಳು. ಭುವನೇಶ್ವರಿ ತಲೆ ಎತ್ತಲಿಲ್ಲ. ಬಗ್ಗಿದ ಬೆನ್ನಿನೊಳಗೆ ಮುಖ ಅಡಗಿಸಿಕೊಂಡು, ಎಲ್ಲರೂ ಹೊರಗೆ ಹೋಗಲಿ, ಈ ಹೊತ್ತು ಹೇಗಾದರೂ ಕಳೆಯಲಿ ಎಂದು ಕಾದಳು.

ಗೋಡೆಯ ಕಡೆ ಬಳೆ ಸದ್ದಾಯಿತು. ಬಾಣಂತಿ ಎದ್ದಿದ್ದಳು. "ಏಳಬ್ಯಾಡ ತಂಗಿ" ಎಂದು ಯಾರೋ ಅಂದರು. ಕೋಮಲ ಗೋಡೆ ಹಿಡಿದು, ತೊಟ್ಟಿಲ ಹಗ್ಗ ಹಿಡಿದು ಬಂದಳು. ಭುವನೇಶ್ವರಿಗೆ ಅವಳ ಪಾದ ಮಾತ್ರ ಕಾಣುತ್ತಿತ್ತು, ಅರಿಶಿನ ಹತ್ತಿದ ಹೆಬ್ಬೆರಳು. ಆಮೇಲೆ ಬೆನ್ನ ನಡುವೆ ಧಡ್ ಎಂದು ಬಿತ್ತು. ಮೆಲ್ಲಗಲ್ಲ.

"ಅಂಜಿಕಿ ನಿಮಗೊಬ್ಬರಿಗೇನ್ರಿ ಅಕ್ಕಾರ?" ಕೋಮಲಳ ದನಿ ಏದುತ್ತಿತ್ತು. "ಇದು ಉಸಿರಾಡತೈತಿಲ್ಲೋ ಅಂತ ನಾ ದಿನಾ ಮೂಗಿಗೆ ಬೆರಳ ಹಿಡದು ನೋಡಾಕತ್ತೇನಿ. ಅತ್ತಿ ಅನ್ನಾಕಿ ಇಲ್ಲೇ ಇರ್ರಿ ಸುಮ್ನ." ಎಂದು ಮತ್ತೊಂದು ಹಾಕಿದಳು.

"ಬಾಣಂತಿ ಗುದ್ದು ಇಷ್ಟಿದ್ರ ನಮ್ಮದು ಎಷ್ಟಿರಬಾರ್ದು!" ಖಾತುನಬಿಯ ಬೀಸಣಿಗೆ ಬಿತ್ತು, ಆಮೇಲೆ ಅವಳ ಕೈ. ಶಂಕ್ರೆವ್ವನದು ಹಳೆಯ ಕೈ, ಹಿಟ್ಟು ನಾದಿದ ಕೈ. ಅದರ ಹಿಂದೆ ಇನ್ನೊಂದು, ಮತ್ತೊಂದು, ಯಾರದೆಂದು ತಿಳಿಯದು. ಒಂದು ಬಲು ಹಿಂಜರಿಯುತ್ತ ಬಂದು ಬೆನ್ನಿಗೆ ಮುಟ್ಟಿ ಅಲ್ಲೇ ನಿಂತಿತು, ಅದು ನೀಲವ್ವನದಿರಬೇಕು. "ಯಶೋಧಾ! ಯಶೋಧಾ!" ಎಂದು ಹೆಂಗಸರು ಕೂಗಿದರು. ಕೆಮ್ಮು ಬಂತು, ಕತ್ತಿನಿಂದ, ಅವಳದೇ ಕೆಮ್ಮು. ಕಣ್ಣಲ್ಲಿ ನೀರು ಬಂತು. ಅಂಜಿಕೆ ಹೋಗಿರಲಿಲ್ಲ, ಎದೆಯೊಳಗೆ ಇದ್ದಲ್ಲೇ ಇತ್ತು, ಪ್ರತಿ ಗುದ್ದಿಗೂ ಅದೂ ಅಲುಗುತ್ತಿತ್ತು. ತೊಟ್ಟಿಲಲ್ಲಿ ಕೂಸು ಗದ್ದಲಕ್ಕೆ ಅಳಲು ಬಾಯಿ ತೆರೆದು, ಅಳದೆ, ತನ್ನ ಮೇಲೆ ಬಂದುಹೋಗುವ ಉಸಿರನ್ನು ನೋಡುತ್ತಿತ್ತು.

ಕರೆಂಟು ಮತ್ತೆ ಹೋದದ್ದು ಅವಳಿಗೆ ಬಹಳ ಹೊತ್ತಿನ ಮೇಲೆ, ಕುತ್ತಿಗೆಯ ಮೇಲೆ ಬೆವರು ಇಳಿದಾಗ ಗೊತ್ತಾಯಿತು.